ವೆನಿಸ್ಸಿನ ನಾಲ್ಕನೆಯ ದಿನ

ಗಾನವಿ ಕುರ್ಚಿಯ ಮೇಲೆ ನಿಂತು ಕಪಾಟಿನ ತುದಿಯಿಂದ ಸೂಟ್‌ಕೇಸನ್ನು ಎಳೆಯುತ್ತಿದ್ದಳು. ಹಿಡಿಕೆಗೆ ವಿಮಾನದವರು ಅಂಟಿಸಿದ ಚೀಟಿ ಇನ್ನೂ ಹಾಗೇ ಇತ್ತು. ಕೆಳಗೆ ನಿಂತಿದ್ದ ಬಂಗಾರೆವ್ವ ಎರಡೂ ಕೈ ಚಾಚಿದಳು. ಎಪ್ಪತ್ನಾಲ್ಕು ವರ್ಷದ ಆ ಕೈಗಳಿಗೆ ಅದನ್ನು ಹಿಡಿಯುವ ತಾಕತ್ತಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಸಾವಕಾಶ, ಯವ್ವಾ. ಧೋತರ ಅದರಾಗ ಐತಿ ಅಂತ ಯಾರು ಹೇಳಿದ್ರು?"

"ಮಮ್ಮಿ ಹೇಳಿದ್ಲು, ಅತ್ತಿ. ಟ್ರಿಪ್ಪಿಗೆ ತಗೊಂಡು ಹೋಗಿದ್ರಂತ."

"ಧೋತರ ಉಟಗೊಂಡು ಆ ನೀರಿನ ಊರಾಗ ಅಡ್ಡಾಡಿದ್ನೇನ ನನ್ನ ತಮ್ಮ!" ಬಂಗಾರೆವ್ವನಿಗೆ ನಗು ಬಂದುಬಿಟ್ಟಿತು. ಮರುಕ್ಷಣವೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗಾನವಿಯ ತಂದೆ ಅಡಿವೆಪ್ಪ ಸತ್ತು ಮೂರು ದಿನವಾಗಿತ್ತು. ಅಮೆರಿಕದ ಫ್ರೀಮಾಂಟಿನ ಈ ಮನೆಯಿಂದ ಎರಡು ಮೈಲಿ ದೂರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ, ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ, ನಿಂತಲ್ಲೇ ಕುಸಿದಿದ್ದ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರವತ್ತೈದು ವಯಸ್ಸು. ಇವತ್ತು ಹನ್ನೊಂದು ಗಂಟೆಗೆ ಹೇವರ್ಡಿನ ಗುಡ್ಡದ ಮೇಲಿನ ಸ್ಮಶಾನದಲ್ಲಿ ಮಣ್ಣು. ಒಂಬತ್ತರೊಳಗೆ ಬಟ್ಟೆ ತಂದುಕೊಡಿ ಎಂದು ಅಲ್ಲಿಯವರು ಒಂದು ಪಟ್ಟಿ ಕಳಿಸಿದ್ದರು. ಅಂಗಿ, ಪ್ಯಾಂಟು, ಒಳಬಟ್ಟೆ, ಬೇಕಿದ್ದರೆ ಬೂಟು.

"ಬೂಟು ಬ್ಯಾಡ," ಎಂದು ಬಂಗಾರೆವ್ವ ಬೆಳಿಗ್ಗೆಯೇ ಖಡಾಖಂಡಿತ ಹೇಳಿದ್ದಳು. "ಇಪ್ಪತ್ನಾಕು ವರ್ಷ ಬೂಟು ಹಾಕ್ಕೊಂಡು ಮಂದಿ ಮನಿ ತಿರಿಗ್ಯಾನ. ಇವತ್ತರ ಅವನ ಕಾಲು ಬಿಡ್ರಿ."

ಗಾನವಿ ಸೂಟ್‌ಕೇಸನ್ನು ಹಾಸಿಗೆಯ ಮೇಲಿಟ್ಟು ತೆರೆದಳು. ರೇಷ್ಮೆ ಧೋತರ ಮೇಲೆಯೇ ಇತ್ತು. ಅದನ್ನು ಎತ್ತಿ ಅತ್ತೆಗೆ ಕೊಟ್ಟಾಗ ಅಡಿಯಲ್ಲಿ ಒಂದು ನೀಲಿ ಫೈಲು ಕಾಣಿಸಿತು. ಸುಮ್ಮನೆ ತೆರೆದಳು. ವಾಲ್ನಟ್ ಕ್ರೀಕಿನ ಒಂದು ಅಪಾರ್ಟ್‌ಮೆಂಟಿನ ಬಾಡಿಗೆ ಕರಾರು. ಒಂದೇ ಬೆಡ್‌ರೂಮು, ಬರುವ ಡಿಸೆಂಬರ್ ಒಂದರಿಂದ. ಬಾಡಿಗೆದಾರರ ಜಾಗದಲ್ಲಿ ತಾಯಿಯ ಹೆಸರು ಮಾತ್ರ ಇತ್ತು. ಕಾಗದದ ಹಿಂಬದಿಗೆ ತಂದೆಯ ಅಚ್ಚುಕಟ್ಟು ಕನ್ನಡ ಅಕ್ಷರದಲ್ಲಿ ಎರಡು ಸಾಲು: ದೊಡ್ಡ ಕಿಟಕಿ 72 ಇಂಚು. ಸಣ್ಣ ಕಿಟಕಿ 36.

ಆ ಹೊತ್ತಿಗೆ ಬಾಗಿಲಲ್ಲಿ ವೀರಣ್ಣ ಕಾಣಿಸಿಕೊಂಡ. ಅಡಿವೆಪ್ಪನ ಮೂವತ್ತು ವರ್ಷದ ಗೆಳೆಯ, ಹಾವೇರಿಯವನು. ಮೂರು ದಿನದಿಂದ ಎಲ್ಲ ಓಡಾಟ ಅವನದೇ.

"ಬಟ್ಟಿ ಸಿಕ್ಕುವೇನವಾ? ಕೊಡ್ರಿ, ನಾ ಮುಂದ ಹೊಕ್ಕೀನಿ. ಮತ್ತ ಆ ಅಂಗಡಿಯವರು ಅಡಿವೆಪ್ಪನ ಸಾಮಾನು ನನ್ನ ಕಡೆ ಕೊಟ್ಟಾರ. ಎರಡು ಪಡದೆ ಕೋಲು. ಎಲ್ಲಿ ಇಡೂಣು?"

"ಪಡದೆ ಕೋಲ?" ಎಂದಳು ಬಂಗಾರೆವ್ವ. "ಈ ಮನ್ಯಾಗ ಪಡದೇನ ಇಲ್ಲಲ್ಲೋ ತಮ್ಮಾ. ಎಲ್ಲಾ ಕಿಡಕಿಗೂ ಆ ಪಟ್ಟಿಪಟ್ಟೀದು ಐತಿ. ಯಾತಕ್ಕ ತರಾಕ ಹೋಗಿದ್ದ ಅಂವ?"

"ನನಗೂ ಅದ ತಿಳೀವಲ್ದು."

ಅವನ ಹಿಂದೆ ಗಾನವಿಯ ತಾಯಿ ನೀಲಾಂಬಿಕೆ ಬಂದು ನಿಂತಿದ್ದಳು. ಬಿಳಿಯ ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿದ್ದ ಚಹಾ ಆರಿ ಕೆನೆಗಟ್ಟಿತ್ತು.

"ಕಾರಿನ್ಯಾಗ ಇರಲಿ, ವೀರಣ್ಣಾರ," ಎಂದಳು. ಅಷ್ಟರಲ್ಲಿ ಮಗಳ ಕೈಯಲ್ಲಿದ್ದ ನೀಲಿ ಫೈಲನ್ನು ನೋಡಿದಳು.

ಗಾನವಿ ಫೈಲನ್ನು ಮುಚ್ಚಿದಳು.

*

ಗದಗಿನ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಡಿವೆಪ್ಪ ನೌಕರಿ ಬಿಟ್ಟು ಅಮೆರಿಕಕ್ಕೆ ಬಂದದ್ದು ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತೆಂದು. ಹೆಂಡತಿಯ ಬೆನ್ನು ಹತ್ತಿ ಹೋದವನು ಎಂದು ಊರವರು ಆಡಿಕೊಂಡರು. ಅದನ್ನು ಅವನೇ ಇಲ್ಲಿಯವರಿಗೆ ಹೇಳಿ ನಗುತ್ತಿದ್ದ. ಮೊದಲು ನಾಲ್ಕಾರು ವರ್ಷ ಒಂದು ಇಂಡಿಯನ್ ಗ್ರೋಸರಿಯಲ್ಲಿ ಮೂಟೆ ಎತ್ತಿದ. ಆಮೇಲೆ ಪರೀಕ್ಷೆ ಬರೆದು ಫ್ರೀಮಾಂಟಿನ ಪಕ್ಕದ ನ್ಯೂವಾರ್ಕಿನಲ್ಲಿ ಅಂಚೆ ಹಂಚುವ ಕೆಲಸಕ್ಕೆ ಸೇರಿದ. ಆರುನೂರಕ್ಕೂ ಹೆಚ್ಚು ಮನೆಗಳು, ಒಂದೇ ರೂಟು. ನಿವೃತ್ತನಾಗುವವರೆಗೂ ಅದನ್ನು ಬದಲಿಸಲಿಲ್ಲ.

ಗಾನವಿ ಹುಟ್ಟಿದ ಮೇಲೆ ಅವಳನ್ನು ಡೇಕೇರಿಗೆ ಬಿಡಬಾರದೆಂದು ಇಬ್ಬರೂ ಸೇರಿ ಒಂದು ಏರ್ಪಾಡು ಮಾಡಿಕೊಂಡರು. ನೀಲಾಂಬಿಕೆ ರಾತ್ರಿ ಪಾಳಿ ಹಿಡಿದಳು, ಅವನು ಹಗಲು. ಅವನು ಬೆಳಿಗ್ಗೆ ಏಳಕ್ಕೆ ಹೊರಟರೆ ಅವಳು ಎಂಟಕ್ಕೆ ಬರುತ್ತಿದ್ದಳು. ನಡುವಿನ ಒಂದು ತಾಸು ಪಕ್ಕದ ಮನೆಯ ಬೋರಮ್ಮ ಮಗುವನ್ನು ನೋಡಿಕೊಳ್ಳುತ್ತಿದ್ದಳು. ಎರಡು ಮೂರು ವರ್ಷಕ್ಕೆಂದು ಶುರುವಾದದ್ದು, ಮಗಳು ಕಾಲೇಜಿಗೆ ಹೋದ ಮೇಲೂ ಹಾಗೆಯೇ ನಡೆಯಿತು. ರಾತ್ರಿ ಪಾಳಿಯೇ ನೀಲಾಂಬಿಕೆಗೆ ಒಗ್ಗಿಹೋಗಿತ್ತು. ಮನೆಗೆ ಬಂದು, ಸ್ನಾನ ಮಾಡಿ, ಮಗಳು ಶಾಲೆಗೆ ಹೋದ ಮೇಲೆ ಖಾಲಿ ಮನೆಯಲ್ಲಿ ಕಿಟಕಿ ಮುಚ್ಚಿ ಮಲಗುವಳು. ಎದ್ದಾಗ ಮೂರು ಗಂಟೆ. ಆ ಮನೆಯ ಹಗಲು ಅವಳೊಬ್ಬಳದು. ಅವನು ಬರುವ ಹೊತ್ತಿಗೆ ಅವಳು ಹೊರಡುವ ತಯಾರಿಯಲ್ಲಿರುತ್ತಿದ್ದಳು. ಊಟ ಬಡಿಸುತ್ತ ಎರಡು ಮಾತು: ಹಾಲು ಮುಗದೈತಿ, ಗಾನವಿಗೆ ಕೆಮ್ಮು, ಊರಿಂದ ಫೋನ್ ಬಂದಿತ್ತು. ಜಗಳವಾಡಲೂ ಒಟ್ಟಿಗೆ ಸಮಯವಿರಲಿಲ್ಲ. ನೋಡಿದವರು ಇವರಂಥ ಜೋಡಿ ಇಲ್ಲ ಎನ್ನುತ್ತಿದ್ದರು.

ಕಳೆದ ವರ್ಷ ಅವನು ನಿವೃತ್ತನಾದ, ಈ ವರ್ಷ ಅವಳು. ಮೊದಲ ಬಾರಿಗೆ ಇಬ್ಬರೂ ಇಡೀ ದಿನ ಒಂದೇ ಮನೆಯಲ್ಲಿ ಉಳಿದರು. ಅಡಿವೆಪ್ಪ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದ. ರೇಡಿಯೋ ಹಾಕುತ್ತಿದ್ದ. ಏನು ಮಾಡಿದರೂ ಸಣ್ಣಗೆ ಗುನುಗುತ್ತಿದ್ದ. ಅವಳು ಪುಸ್ತಕ ಹಿಡಿದು ಕೂತರೆ ಎದುರಿಗೆ ಕೂತು, "ಏನ ಓದಾಕತ್ತಿ?" ಎಂದು ಕೇಳುತ್ತಿದ್ದ. ಅವನಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದಿದ್ದರೆ ಬೈದು ಹಗುರಾಗಬಹುದಿತ್ತು. ಒಂದು ದಿನ ನೀಲಾಂಬಿಕೆ ಗ್ರೋಸರಿ ತರಲು ಹೋಗಿ, ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೇ ಎರಡು ತಾಸು ಕೂತು ಬಂದಳು. ಮರುವಾರ ಬಾರ್ಟ್ ಹಿಡಿದು, ನಡುವೆ ರೈಲು ಬದಲಿಸಿ, ಯಾರೂ ಪರಿಚಯವಿಲ್ಲದ ವಾಲ್ನಟ್ ಕ್ರೀಕಿಗೆ ಹೋದಳು. ಸ್ಟೇಷನ್ನಿನ ಹತ್ತಿರ ಮೂರನೆಯ ಮಹಡಿಯಲ್ಲಿ ಒಂದು ಅಪಾರ್ಟ್‌ಮೆಂಟು ನೋಡಿ ಮುಂಗಡ ಕರಾರಿಗೆ ಸಹಿ ಮಾಡಿದಳು.

ಗಂಡನಿಗೆ ಹೇಗೆ ಹೇಳುವುದೆಂದು ತಿಳಿಯದೆ ಒದ್ದಾಡುತ್ತಿದ್ದಾಗಲೇ ಗಾನವಿ ಮದುವೆಯ ವಾರ್ಷಿಕೋತ್ಸವಕ್ಕೆಂದು ವೆನಿಸ್ಸಿನ ಟಿಕೇಟು ತಂದುಕೊಟ್ಟಳು.

*

ಬಂಗಾರೆವ್ವ ವೀರಣ್ಣನ ಕಾರಿನಲ್ಲಿ ಮುಂದೆ ಹೋಗಿದ್ದಳು. ತಾಯಿ ಮಗಳು ಇಬ್ಬರೇ ಹಿಂದಿನಿಂದ ಹೊರಟರು. ಗಾನವಿ ಕಾರನ್ನು ಫ್ರೀವೇಗೆ ಸೇರಿಸಿದಳು.

"ವಾಲ್ನಟ್ ಕ್ರೀಕ್," ಎಂದಳು ಆಮೇಲೆ. "ಒನ್ ಬೆಡ್‌ರೂಮ್. ಯಾರ ಮನಿ ಅದು?"

"ನಂದು."

"ನಿಂದು ಅಂದ್ರ? ಜಸ್ಟ್ ಯು?"

"ಹೂಂ."

ಲಾರಿಯೊಂದು ಬಲಗಡೆಯಿಂದ ಮುಂದೆ ಹೋಯಿತು. ಗಾನವಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

"ಪಪ್ಪಾಗ ಗೊತ್ತಿತ್ತಾ?"

"ಗೊತ್ತಿತ್ತು. ಅಳತಿ ಅವರ ಬರ್ದದ್ದು. ನಿಮ್ಮ ಅತ್ತಿ ಬರ್ತಾಳ ಅಂತ ಅದನ್ನ ಅಲ್ಲಿ ಮುಚ್ಚಿಟ್ಟಿದ್ರು."

"ಸೋ ಆ ಕರ್ಟನ್ ರಾಡು..."

"ಹೌದು."

"ಓ ಮೈ ಗಾಡ್, ಮಮ್ಮಿ. ನೀ ಪಪ್ಪಾನ ಬಿಟ್ಟು ಹೋಗ್ತಿದ್ದಿ. ಆ್ಯಂಡ್ ಹೀ ಡೈಡ್ ಬೈಯಿಂಗ್ ಕರ್ಟನ್ ರಾಡ್ಸ್ ಫಾರ್ ಇಟ್."

ನೀಲಾಂಬಿಕೆ ಕಿಟಕಿಯಾಚೆ ನೋಡಿದಳು. ಹೋದ ವಾರದ ಮೊದಲ ಮಳೆಗೆ ಗುಡ್ಡಗಳು ತೆಳ್ಳಗೆ ಹಸಿರಾಗಿದ್ದವು. ಮೂರು ದಿನದಿಂದ ತಾನು ತನಗೇ ಹೇಳಿಕೊಳ್ಳುತ್ತಿದ್ದ ಮಾತನ್ನು ಮಗಳ ಬಾಯಲ್ಲಿ ಕೇಳಿದಾಗ ಅದು ಇನ್ನಷ್ಟು ಸಾಫಾಗಿ ಕೇಳಿಸಿತು.

"ವೆನಿಸ್ ನಾನು ಬುಕ್ ಮಾಡಿದ್ದು," ಎಂದಳು ಗಾನವಿ. "ಹೋಟೆಲ್, ಗೊಂಡೊಲಾ, ಎವ್ರಿಥಿಂಗ್. ಅದಕ್ಕ ಮೊದಲೇ ನೀ ಸೈನ್ ಮಾಡಿದ್ದಿ, ಅಲ್ಲಾ? ನೀವಿಬ್ಬರೂ ಗೊಂಡೊಲಾದಾಗ ಕೂತ ಆ ಫೋಟೋ ನಾ ಎನ್‌ಲಾರ್ಜ್ ಮಾಡಿಸಿ ಇಟ್ಟೀನಿ ಅಲ್ಲಿ. ಎಲ್ಲಾರೂ ನೋಡ್ತಾರ. ಇಟ್ಸ್ ಎ ಲೈ."

"ಫೋಟೋ ಸುಳ್ಳ," ಎಂದಳು ನೀಲಾಂಬಿಕೆ. "ಅದರ ಮರುದಿನದ್ದು ಸುಳ್ಳಲ್ಲ. ಗಾಡಿ ನಿಲ್ಲಿಸ್ತೀಯೇನು ಎಲ್ಲ್ಯರ? ಹತ್ತು ನಿಮಿಷ."

ಗಾನವಿ ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು, ಒಂದು ಟೈರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ. ನೀಲಾಂಬಿಕೆ ಹೇಳತೊಡಗಿದಳು.

*

ಮೊದಲ ಮೂರು ದಿನ ಅವರು ವೆನಿಸ್ಸಿನಲ್ಲಿ ಒಳ್ಳೆಯ ಪ್ರವಾಸಿಗರಂತೆ ನಡೆದುಕೊಂಡರು. ದೊಡ್ಡ ಚೌಕ ನೋಡಿದರು, ಇಗರ್ಜಿಯ ಬಂಗಾರದ ಚಾವಣಿಯನ್ನು ಕತ್ತೆತ್ತಿ ನೋಡಿದರು, ದೋಣಿ ಬಸ್ಸಿನಲ್ಲಿ ಆ ತುದಿಯಿಂದ ಈ ತುದಿಗೆ ಹೋದರು. ಮೂರನೆಯ ದಿನ ಗೊಂಡೊಲಾ ದೋಣಿ. ಕೆಂಪು ಮೆತ್ತೆಯ ಮೇಲೆ ಪಕ್ಕಪಕ್ಕ ಕೂತರು. ಹುಟ್ಟು ಹಾಕುವವನು ಒಂದು ಸೇತುವೆ ಬಂದಾಗ, ಇದರ ಕೆಳಗೆ ಮುತ್ತು ಕೊಟ್ಟರೆ ಪ್ರೀತಿ ಶಾಶ್ವತ ಎಂದ. ಅಡಿವೆಪ್ಪ ನಾಚಿ, ನೀರು ಎಷ್ಟು ಆಳ ಎಂದು ಕೇಳಿದ. ನೀಲಾಂಬಿಕೆ ದೋಣಿಯ ಅಂಚನ್ನು ಹಿಡಿದು, ಸೂಟ್‌ಕೇಸಿನಲ್ಲಿದ್ದ ನೀಲಿ ಫೈಲನ್ನು ನೆನೆಯುತ್ತಿದ್ದಳು. ಹುಟ್ಟು ಹಾಕುವವನೇ ಅವರ ಫೋಟೋ ತೆಗೆದುಕೊಟ್ಟ.

ನಾಲ್ಕನೆಯ ದಿನ ಬೆಳಿಗ್ಗೆ ಎದ್ದಾಗ ಗಂಡ ಕೋಣೆಯಲ್ಲಿರಲಿಲ್ಲ. ಒಂಬತ್ತಾದರೂ ಬರಲಿಲ್ಲ. ಫೋನನ್ನು ಮೇಜಿನ ಮೇಲೇ ಬಿಟ್ಟಿದ್ದ. ಅವಳು ಹುಡುಕುತ್ತ ಹೊರಟಳು. ಎರಡು ಸೇತುವೆ ದಾಟಿ, ಕಿರಿದಾದ ಕಾಲುವೆಯ ದಂಡೆಗೆ ಬಂದಾಗ ಆಚೆಯ ದಂಡೆಯಲ್ಲಿ ಅವನು ಕಂಡ. ನಲವತ್ತರ ಆಸುಪಾಸಿನ ಒಬ್ಬ ಅಂಚೆಯ ಹೆಂಗಸಿನ ಜೊತೆ ನಡೆಯುತ್ತಿದ್ದ. ಅವಳ ಕೈಗಾಡಿಯ ಒಂದು ಬದಿಯನ್ನು ಹಿಡಿದು ಸೇತುವೆಯ ಮೆಟ್ಟಿಲು ಹತ್ತಿಸುತ್ತಿದ್ದ.

ಕೂಗಬೇಕೆಂದು ಬಾಯಿ ತೆರೆದವಳು ಸುಮ್ಮನಾದಳು. ಈಚೆಯ ದಂಡೆಯಲ್ಲೇ ಅವರ ಜೊತೆಜೊತೆಗೆ ನಡೆದಳು.

ಆ ಊರಿನ ಮನೆ ನಂಬರುಗಳು ಬೀದಿಯ ಪ್ರಕಾರ ಇರುವುದಿಲ್ಲ. ಒಂದು ಇಡೀ ಪೇಟೆಗೆ ಒಂದರಿಂದ ಶುರುವಾಗಿ ಸಾವಿರಗಟ್ಟಲೆ ಹೋಗುತ್ತವೆ. ಒಂದು ಬಾಗಿಲು ದಾಟಿ ಮೂಲೆ ತಿರುಗಿದರೆ ಪಕ್ಕದ ಬಾಗಿಲಿಗೆ ಸಂಬಂಧವೇ ಇಲ್ಲದ ನಂಬರು. ಮೂರು ದಿನದಿಂದ ಅಡಿವೆಪ್ಪ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದುದು ಅವಳಿಗೆ ಬೇಸರ ತಂದಿತ್ತು. ಈಗ ಅಂಚೆಯ ಹೆಂಗಸು ಒಂದು ಲಕೋಟೆಯನ್ನು ಎತ್ತಿ ತೋರಿಸುವಳು, ಅವನು ಯೋಚಿಸಿ ಒಂದು ಓಣಿಯತ್ತ ಕೈ ತೋರುವನು, ತಪ್ಪಾದರೆ ಇಬ್ಬರೂ ನಗುವರು. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ಅವನ ನಡಿಗೆಯೇ ಬೇರೆಯಾಗಿತ್ತು. ಮನೆಯಲ್ಲಿ ಕಾಲೆಳೆಯುವವನು ಇಲ್ಲಿ ಹಗುರಾಗಿ, ಒಂದು ಲಯದಲ್ಲಿ ಹೆಜ್ಜೆ ಹಾಕುತ್ತಿದ್ದ. ನಾಯಿಯೊಂದು ಬೊಗಳಿದಾಗ ನಿಂತು, ಕೈಯ ಹಿಂಬದಿಯನ್ನು ಮೂಸಲು ಕೊಟ್ಟು ಮುಂದಾದ.

ಒಂದು ಮನೆಯ ಮೂರನೆಯ ಮಹಡಿಯಿಂದ ಒಬ್ಬ ಮುದುಕಿ ಹಗ್ಗ ಕಟ್ಟಿದ ಬುಟ್ಟಿಯನ್ನು ಕೆಳಗೆ ಬಿಟ್ಟಳು. ಅಂಚೆಯ ಹೆಂಗಸು ಅತ್ತಿತ್ತ ನೋಡಿ, ಆ ಮನೆಯ ಕಾಗದವನ್ನು ಅಡಿವೆಪ್ಪನ ಕೈಗೆ ಕೊಟ್ಟಳು. ಅವನು ಅದನ್ನು ಅಂಗಿಗೆ ಒರೆಸಿ ಬುಟ್ಟಿಯಲ್ಲಿಟ್ಟ. ಹಗ್ಗವನ್ನು ಎರಡು ಸಲ ಜಗ್ಗಿದ. ಬುಟ್ಟಿ ಮೇಲೇರುವುದನ್ನು ನೋಡುತ್ತ ನಿಂತ. ಮುದುಕಿ ಕಾಗದ ತೆಗೆದುಕೊಂಡು ಕೈಯಾಡಿಸಿದಾಗ ಅವನ ಮುಖ ಹೇಗಿತ್ತೆಂದರೆ, ನೀಲಾಂಬಿಕೆ ಅಲ್ಲಿಯೇ ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟಳು. ಈ ಮುಖವನ್ನು ಇಪ್ಪತ್ನಾಲ್ಕು ವರ್ಷ ನ್ಯೂವಾರ್ಕಿನ ಆರುನೂರು ಮನೆಯವರು ದಿನವೂ ನೋಡಿದ್ದರು. ಆ ಹೊತ್ತಿನಲ್ಲಿ ಅವಳು ಕಿಟಕಿ ಮುಚ್ಚಿ ಮಲಗಿರುತ್ತಿದ್ದಳು.

ಅವನು ಅವಳನ್ನು ಕಂಡಾಗ ತಪ್ಪು ಮಾಡಿ ಸಿಕ್ಕವನಂತೆ ಕೈ ಹಿಂದಕ್ಕೆ ಕಟ್ಟಿಕೊಂಡ. ಇಬ್ಬರೂ ಒಂದು ಕಾಫಿ ಅಂಗಡಿಯ ಹೊರಗೆ ಕೂತರು. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿ ಅವಳು ಎಲ್ಲ ಹೇಳಿಬಿಟ್ಟಳು. ಅಪಾರ್ಟ್‌ಮೆಂಟು, ಸಹಿ, ಡಿಸೆಂಬರು.

ಅಡಿವೆಪ್ಪ ಬಹಳ ಹೊತ್ತು ಕಪ್ಪನ್ನು ತಟ್ಟೆಯ ಮೇಲೆ ತಿರುಗಿಸಿದ.

"ನಾ ಏನರ ತಪ್ಪು ಮಾಡೀನೇನು?"

"ಇಲ್ರೀ."

"ಹಂಗಾರ ಕಷ್ಟ ಐತಿ. ತಪ್ಪಿದ್ದರ ತಿದ್ದಿಕೊಳ್ಳಾಕ ಬರ್ತಿತ್ತು."

ತರಕಾರಿ ತುಂಬಿದ ದೋಣಿಯೊಂದು ಹಾದುಹೋಯಿತು. ಅದರ ಅಲೆ ದಂಡೆಗೆ ಬಡಿದು ನಿಂತಿತು.

"ನಾ ಬಂದು ಬಾಗಲಾ ಬಡದರ ತಗೀತೀಯೇನು?"

"ಯಾವ ಬಾಗಲಾ?"

"ಆ ನಿನ್ನ ಮನೀದು. ಶನಿವಾರಕ್ಕೊಮ್ಮೆ. ಮೊದಲ ಫೋನ್ ಮಾಡೇ ಬರ್ತೀನಿ. ಒಂದು ತಾಸು ಕೂಡ್ತೀನಿ, ಚಾ ಕುಡೀತೀನಿ, ಹೋಗ್ತೀನಿ. ಲಗ್ನಕ್ಕ ಮೊದಲ ನಾ ನಿನ್ನ ನೋಡಾಕ ಒಬ್ಬಾಂವ ಎಂದ ಬಂದೀನಿ? ಐದು ಮಂದಿ ಹಿರ್ಯಾರ ಜೋಡಿ ಬಂದಿದ್ದೆ. ಅವರ ಮಾತಾಡಿದ್ರು. ನಾ ಅವಲಕ್ಕಿ ತಿಂದು ಎದ್ದು ಬಂದೆ."

ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣು ತುಂಬಿದವು. ಉಳಿದ ಎರಡು ದಿನ ಅವರು ನೋಡಲೇಬೇಕಾದದ್ದು ಯಾವುದನ್ನೂ ನೋಡಲಿಲ್ಲ. ಓಣಿಗಳಲ್ಲಿ ದಾರಿ ತಪ್ಪಿಸಿಕೊಂಡು ನಡೆದರು. ಅವನು ನಂಬರು ಓದುತ್ತಿದ್ದ, ಅವಳು ಅವನ ರೂಟಿನ ಮನೆಗಳ ಬಗ್ಗೆ ಕೇಳುತ್ತಿದ್ದಳು. ಮೆಟ್ಟಿಲು ಬಂದಲ್ಲಿ ಅವಳ ನೋಯುವ ಮೊಣಕಾಲಿಗೆಂದು ಅವನು ಕೈ ಹಿಡಿಯುತ್ತಿದ್ದ. ಸೇತುವೆ ಇಳಿದ ಮೇಲೂ ಬಿಡಲಿಲ್ಲ.

ವಾಪಸು ಬರುವ ವಿಮಾನದಲ್ಲಿ ಅವಳು, "ಕರಾರು ಕ್ಯಾನ್ಸಲ್ ಮಾಡ್ಲೇನು?" ಎಂದು ಕೇಳಿದಳು.

"ಬ್ಯಾಡ, ಬ್ಯಾಡ," ಎಂದ ಗಾಬರಿಯಿಂದ. "ನಾ ಬರೂ ತಯಾರಿ ನಡಸೀನಿ."

*

ಟೈರ್ ಅಂಗಡಿಯವನು ಬಂದು ಕಿಟಕಿಗೆ ಬಾಗಿ, ಏನಾದರೂ ಬೇಕಿತ್ತೇ ಎಂದು ಕೇಳಿದ. ಗಾನವಿ ತಲೆಯಾಡಿಸಿದಳು. ಕಣ್ಣೊರೆಸಿಕೊಂಡು ಗಾಡಿ ತೆಗೆದಳು. ದಾರಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದಳು.

"ವಾಸ್ ಹೀ ಹ್ಯಾಪಿ? ಈ ಮೂರು ವಾರ?"

"ಆ ಮನಿ ಕಿಡಕಿ ಅಳತಿ ಮಾಡಾಕ ಬಂದಾಗ ಕ್ಷೌರ ಮಾಡಿಸ್ಕೊಂಡು ಬಂದಿದ್ರು," ಎಂದಳು ನೀಲಾಂಬಿಕೆ.

ಸ್ಮಶಾನದ ಪಕ್ಕದ ಪ್ರಾರ್ಥನಾ ಕೋಣೆ ತುಂಬಿತ್ತು. ಕನ್ನಡ ಕೂಟದ ಪರಿಚಿತರು, ಅಂಚೆಯ ಸಹೋದ್ಯೋಗಿಗಳು, ಹಿಂದಿನ ಸಾಲಿನಲ್ಲಿ ಅವನ ರೂಟಿನ ಕೆಲವು ಮನೆಯವರು. ಬಾಗಿಲ ಬಳಿ ಗೊಂಡೊಲಾದ ಫೋಟೋ ದೊಡ್ಡದಾಗಿ ನಿಂತಿತ್ತು. ಜನ ಅದರ ಮುಂದೆ ಒಂದು ಕ್ಷಣ ನಿಂತು, "ಎಷ್ಟು ಚಂದ ಜೋಡಿ" ಎಂದು ಹೇಳಿ ಒಳಗೆ ಬರುತ್ತಿದ್ದರು. ಗಾನವಿ ಅದನ್ನು ಗೋಡೆಯ ಕಡೆ ತಿರುಗಿಸಬೇಕೆಂದುಕೊಂಡು ಹತ್ತಿರ ಹೋದವಳು, ಹಾಗೆಯೇ ಬಿಟ್ಟಳು.

ಸ್ಟಾಕ್ಟನ್ನಿನಿಂದ ಬಂದ ಅಯ್ಯನವರು ತೆರೆದ ಪೆಟ್ಟಿಗೆಯಲ್ಲಿದ್ದ ಅಡಿವೆಪ್ಪನಿಗೆ ವಿಭೂತಿ ಹಚ್ಚಿ ಮಂತ್ರ ಹೇಳಿದರು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟರು. ವೀರಣ್ಣ ತನ್ನ ಹಿತ್ತಲಿನ ಕುಂಡದಿಂದ ಬಿಲ್ವಪತ್ರಿ ತಂದಿದ್ದ. ಒಬ್ಬೊಬ್ಬರಾಗಿ ಬಂದು ಪತ್ರಿ ಏರಿಸಿದರು. ರೂಟಿನವಳು ಒಬ್ಬಳು, ಫಿಲಿಪೀನ್ಸಿನ ಮುದುಕಿ, ಏನು ಮಾಡಬೇಕೆಂದು ತಿಳಿಯದೆ ಪತ್ರಿಯನ್ನು ಮೂಸಿ ನೋಡಿ ಅವನ ಜೇಬಿನ ಮೇಲಿಟ್ಟಳು.

ಬಂಗಾರೆವ್ವ ತಮ್ಮನ ಬರಿಗಾಲನ್ನು ಹಿಡಿದುಕೊಂಡು ನಿಂತಿದ್ದಳು.

"ಎಲ್ಲಾ ಮುಗಿಸಿಕೊಂಡು ಹೋದ್ಯಲ್ಲೋ ತಮ್ಮಾ," ಎಂದು ರಾಗವಾಗಿ ಅತ್ತಳು. "ನೌಕ್ರಿ ಮುಗಿಸಿದಿ, ಮಗಳ್ನ ದೊಡ್ಡಾಕಿ ಮಾಡಿದಿ, ಆ ನೀರಿನ ಊರು ಸೈತ ನೋಡಿ ಬಂದಿ. ಏನೂ ಉಳಸಲಿಲ್ಲಲ್ಲೋ ನನ್ನಪ್ಪಾ."

"ಇಲ್ಲ ಅತ್ತಿ," ಎಂದಳು ಗಾನವಿ.

ಬಂಗಾರೆವ್ವ ಅಳು ನಿಲ್ಲಿಸಿ ನೋಡಿದಳು. ಸುತ್ತಲಿನವರೂ ನೋಡಿದರು. ಗಾನವಿ ಕನ್ನಡದ ಪದ ಹುಡುಕುತ್ತ ತಡವರಿಸಿದಳು.

"ಮುಗಿದಿರಲಿಲ್ಲ. ಪಪ್ಪಾಗ ಇನ್ನೂ... ಇನ್ನೂ ಒಬ್ಬರ ಮನಿಗೆ ಹೋಗೋದಿತ್ತು."

"ಯಾರ ಮನಿಗೆ?"

ಗಾನವಿ ತಾಯಿಯ ಪಕ್ಕಕ್ಕೆ ಬಂದು ನಿಂತಳು. ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ.

ಅಯ್ಯನವರು ಕೊನೆಗೆ ನೀಲಾಂಬಿಕೆಯನ್ನು ಕರೆದರು. ಅವಳು ಪತ್ರಿ ಏರಿಸಿದಳು. ಹಣೆಯ ವಿಭೂತಿ ಒಂದು ಬದಿ ಉದುರಿದ್ದನ್ನು ಬೆರಳಿನಿಂದ ಸರಿಮಾಡಿದಳು. ಹಿಂದೆ ಸರಿಯುವಳೆಂದು ಎಲ್ಲರೂ ಕಾದರು. ಕಪ್ಪು ಕೋಟಿನ ನೌಕರನೊಬ್ಬ ಪೆಟ್ಟಿಗೆಯ ಮುಚ್ಚಳದ ಬಳಿ ಬಂದು, ಕೈ ಜೋಡಿಸಿ ನಿಂತ.

ಅವಳು ಗಂಡನ ಬಲಗೈಯನ್ನು ಎತ್ತಿಕೊಂಡಳು. ಅಂಗೈಯನ್ನು ಮೇಲಾಗಿಸಿ, ಹೆಬ್ಬೆರಳ ಬುಡದಿಂದ ಎರಡಂಗುಲ ಕೆಳಗೆ, ಮಣಿಕಟ್ಟಿನ ಒಳಬದಿಗೆ, ರಾತ್ರಿ ಪಾಳಿಯಲ್ಲಿ ರೋಗಿಗಳ ನಾಡಿ ಹಿಡಿಯುತ್ತಿದ್ದಂತೆ, ತನ್ನ ಎರಡು ಬೆರಳುಗಳನ್ನು ಊರಿದಳು. ಎದುರಿನ ಗೋಡೆಯಲ್ಲಿ ಒಂದು ಗಡಿಯಾರವಿತ್ತು. ಅವಳ ಕಣ್ಣು ಅದರ ಮೇಲೆ ನೆಟ್ಟಿತು. ತುಟಿಗಳು ಸಣ್ಣಗೆ ಅಲುಗತೊಡಗಿದವು. ಎಣಿಸುತ್ತಿದ್ದಳು.

ನೌಕರ ಒಂದು ಹೆಜ್ಜೆ ಮುಂದಿಟ್ಟ. ಗಾನವಿ ಅವನಿಗೆ ಅಡ್ಡವಾಗಿ ಕೈ ಚಾಚಿದಳು.

ಕೋಣೆಯಲ್ಲಿ ಯಾರೂ ಕದಲಲಿಲ್ಲ. ಸೆಕೆಂಡಿನ ಮುಳ್ಳು ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ಹೊರಟಿತು.